ಒಂಬತ್ತು ಚೌಕದ ಮೊದಲ ಬ್ಲಾಕೇ ಸೊಟ್ಟ ಬಂತು. ಅಮ್ಮನ ಸೀರೆಗೆ ಕತ್ತರಿ ಹಾಕಲು ಭಯ. ಕ್ವಿಲ್ಟ್ ಎಲ್ಲಿಂದ ಶುರು ಮಾಡಲಿ?

ಹೊಸಹೊಲಿಗೆ
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಗೆ ಹೊಸಬಳು. ಮನೆಯಲ್ಲಿ ಹೊಲಿಗೆ ಮಿಷಿನ್ ಹತ್ತು ವರ್ಷದಿಂದ ಇದೆ. ದಿಂಬಿನ ಕವರು, ಪರದೆ, ಹರಿದದ್ದಕ್ಕೆ ಒಂದು ಹೊಲಿಗೆ, ಇಷ್ಟು ಬರುತ್ತದೆ.

ಅಮ್ಮ ಹೋಗಿ ಎರಡು ವರ್ಷ ಆಯಿತು. ಅವಳ ಹದಿನಾಲ್ಕು ಹತ್ತಿ ಸೀರೆ ನನ್ನ ಬೀರುವಿನಲ್ಲಿವೆ. ಉಡಲು ಆಗುತ್ತಿಲ್ಲ, ಯಾರಿಗಾದರೂ ಕೊಟ್ಟುಬಿಡಲು ಮನಸ್ಸಿಲ್ಲ. ಎಲ್ಲ ಸೇರಿಸಿ ಒಂದು ಕ್ವಿಲ್ಟ್, ಅಂದರೆ ತುಂಡು ಜೋಡಿಸಿ ಪದರ ಸೇರಿಸಿ ಹೊಲಿದ ಹೊದಿಕೆ, ಮಾಡಬೇಕು ಅಂತ ಆಸೆ.

ಮೊದಲು ಕೈ ಪಳಗಲಿ ಅಂತ ಬೇರೆ ಬಟ್ಟೆಯಲ್ಲಿ ಒಂಬತ್ತು ಚೌಕದ ಬ್ಲಾಕ್ ಮಾಡಿ ನೋಡಿದೆ. 3.5 ಇಂಚಿನ ಚೌಕಗಳು, ಸಾಲಿಗೆ ಮೂರರಂತೆ ಮೂರು ಸಾಲು. ಲೆಕ್ಕದ ಪ್ರಕಾರ 9.5 ಇಂಚು ಬರಬೇಕಿತ್ತು. ನಾಲ್ಕು ಮಾಡಿದೆ. ಎರಡು ಸರಿಯಾಗಿ 9 ಇಂಚು ಬಂದವು. ಒಂದು 9.25. ನಾಲ್ಕನೆಯದು ಒಂದು ಬದಿ 9, ಇನ್ನೊಂದು ಬದಿ 9.25. ನಾಲ್ಕನ್ನೂ ಸೇರಿಸಲು ಹೋದರೆ ಮೂಲೆಗೆ ಮೂಲೆ ಕೂಡುತ್ತಲೇ ಇಲ್ಲ.

ಎಲ್ಲಿ ತಪ್ಪಿದೆ? ಕೈಯಲ್ಲೇ ಹೊಲಿಯುವುದು ಒಳ್ಳೆಯದಾ? ಸೀರೆಯಂಥ ತೆಳು ಬಟ್ಟೆಯಲ್ಲಿ ಇದೆಲ್ಲ ಆಗುತ್ತದಾ? ಒಂದು ಸಲ ಕತ್ತರಿಸಿದರೆ ವಾಪಸ್ ಬರುವ ವಸ್ತು ಅಲ್ಲವಲ್ಲ, ಅದೇ ಭಯ.

ಬಾಬಿನ್
ಮಿಷಿನ್ ಫೂಟಿನ (ಸೂಜಿಯ ಪಕ್ಕ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಅಂಚಿಗೆ ಬಟ್ಟೆಯ ಅಂಚು ಇಟ್ಟು ಹೊಲಿದಿರಾ?

ಹೊಸಹೊಲಿಗೆ
ಹೌದು. ಹಾಗೇ ಮಾಡಬೇಕು ಅಂದುಕೊಂಡಿದ್ದೆ.

ಬಾಬಿನ್
ಹಾಗಾದರೆ ತಪ್ಪು ಅಲ್ಲೇ. ಸಾಮಾನ್ಯ ಫೂಟ್ ಅಗಲ ಜಾಸ್ತಿ. ಸೂಜಿಯಿಂದ ಅಂಚಿಗೆ ಕಾಲು ಇಂಚಿಗಿಂತ ಹೆಚ್ಚೇ ಇರುತ್ತದೆ.

ದಾರದುಂಡೆ
ಬಾಬಿನ್ ಹೇಳಿದ್ದು ಸರಿ. ನಿಮ್ಮ ಅಳತೆಯೇ ಅದನ್ನು ಹೇಳುತ್ತಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತುಂಡು ಜೋಡಿಸುವ ಕೆಲಸದಲ್ಲಿ ಹೊಲಿಗೆಗೆ ಬಿಡುವ ಅಂಚು ಕಾಲು ಇಂಚು. ಎಲ್ಲ ಮಾದರಿಗಳ ಲೆಕ್ಕವೂ ಅದರ ಮೇಲೆಯೇ ನಿಂತಿದೆ. ನೀವು ಕಾಲು ಇಂಚಿನ ಬದಲು 3/8 ಇಂಚು ಬಿಟ್ಟಿದ್ದೀರಿ ಅನ್ನಿ. ಒಂದು ಹೊಲಿಗೆಗೆ ಎರಡು ಬಟ್ಟೆ, ಎರಡೂ ಕಡೆ 1/8 ಹೆಚ್ಚು ಹೋಯಿತು. ಅಂದರೆ ಹೊಲಿಗೆಗೆ ಕಾಲು ಇಂಚು ನಷ್ಟ. ಒಂಬತ್ತು ಚೌಕದ ಸಾಲಿನಲ್ಲಿ ಎರಡು ಹೊಲಿಗೆ, ಅರ್ಧ ಇಂಚು ಹೋಯಿತು. 9.5ರಲ್ಲಿ ಅರ್ಧ ಕಳೆದರೆ 9. ನಿಮ್ಮ ಮೊದಲ ಎರಡು ಬ್ಲಾಕ್ ಬಂದದ್ದೇ ಅಷ್ಟು, ಅಲ್ವಾ? ಅಂದರೆ ನಿಮ್ಮ ಕೈ ಸ್ಥಿರವಾಗಿದೆ, ಎಲ್ಲ ಕಡೆ ಒಂದೇ ಸಮ ಹೊಲಿದಿದ್ದೀರಿ. ಗುರುತು ಮಾತ್ರ ತಪ್ಪಿದೆ. ಉಳಿದ ಎರಡರಲ್ಲಿ ಬಟ್ಟೆ ಎಲ್ಲೋ ಒಂದು ಕಡೆ ಸರಿದಿದೆ, ಅಷ್ಟೇ.

ಪರೀಕ್ಷೆ ಹೀಗೆ ಮಾಡಿ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ. ಪಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ 1 ಇಂಚು ಬರಬೇಕು. ಕಡಿಮೆ ಬಂದರೆ ಅಂಚು ಜಾಸ್ತಿ ಬಿಡುತ್ತಿದ್ದೀರಿ ಅಂತ ಅರ್ಥ.

ಆಮೇಲೆ ಒಂದು ಅಳತೆಪಟ್ಟಿಯನ್ನು ಸೂಜಿಯ ಕೆಳಗೆ ಇಟ್ಟು, ಕಾಲು ಇಂಚಿನ ಗೆರೆಯ ಮೇಲೆ ಸೂಜಿಮೊನೆ ಮೆಲ್ಲಗೆ ಮುಟ್ಟುವಂತೆ ಚಕ್ರ ಕೈಯಲ್ಲಿ ತಿರುಗಿಸಿ. ಪಟ್ಟಿಯ ಅಂಚು ಎಲ್ಲಿ ಬಂತೋ ಅಲ್ಲಿ ಮಿಷಿನ್ ಹಾಸಿನ ಮೇಲೆ ಟೇಪ್ ಅಂಟಿಸಿ. ಇನ್ನು ಮೇಲೆ ಬಟ್ಟೆ ಆ ಟೇಪಿಗೆ ತಾಗಿ ಹೋಗಲಿ. ಫೂಟ್ ಕಡೆ ನೋಡಲೇಬೇಡಿ.

ಇಸ್ತ್ರಿಪೆಟ್ಟಿಗೆ
ಇದಕ್ಕೆ ಒಂದು ಸೇರಿಸುತ್ತೇನೆ. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಗೆ ಎಳೆದ ಹಾಗೆ ಹಿಂದೆ ಮುಂದೆ ಎಳೆಯಬೇಡಿ. ಎತ್ತಿ ಇಡಿ, ಒತ್ತಿ, ಮತ್ತೆ ಎತ್ತಿ. ಎಳೆದರೆ ಚೌಕ ಹಿಗ್ಗಿ ಓರೆ ಆಗುತ್ತದೆ. ನಾಲ್ಕನೆಯ ಬ್ಲಾಕ್ ಸೊಟ್ಟ ಆಗಿದ್ದಕ್ಕೆ ಇದೂ ಕಾರಣ ಇರಬಹುದು.

ಸಾಲುಗಳನ್ನು ಜೋಡಿಸುವ ಮುಂಚೆ, ಮೊದಲ ಸಾಲಿನ ಹೊಲಿಗೆ ಅಂಚುಗಳನ್ನು ಬಲಕ್ಕೆ ಮಡಿಸಿ ಒತ್ತಿ, ಎರಡನೆಯದನ್ನು ಎಡಕ್ಕೆ, ಮೂರನೆಯದನ್ನು ಮತ್ತೆ ಬಲಕ್ಕೆ. ಎರಡು ಸಾಲು ಎದುರುಬದುರು ಇಟ್ಟಾಗ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ, ಉಬ್ಬು ಇರುವುದಿಲ್ಲ. ಅಲ್ಲಿ ಗುಂಡುಸೂಜಿ ಚುಚ್ಚಿ ಹೊಲಿಯಿರಿ. ಮೂಲೆ ತಾನಾಗಿ ಕೂಡುತ್ತದೆ.

ಕೌದಿಪ್ರೀತಿ
ನನಗೆ ಒಂದು ಬೇಸರ ಇದೆ, ಹೇಳಿಬಿಡುತ್ತೇನೆ. ಅಮ್ಮನ ಸೀರೆಯ ಹೊದಿಕೆ ಅಂದ ಕೂಡಲೇ ಇಲ್ಲಿ 3/8, 1/8 ಶುರುವಾಯಿತು. ಇದಕ್ಕೆ ನಮ್ಮಲ್ಲೇ ದಾರಿ ಇದೆಯಲ್ಲ. ಕೌದಿ ಹೊಲಿಯಿರಿ. ಒಂದು ಸೀರೆ ಅಡಿಗೆ ಹಾಸಿ, ನಡುವೆ ಎರಡು ಮೂರು ಪದರ ಹಳೆ ಬಟ್ಟೆ, ಮೇಲೆ ತುಂಡುಗಳು. ಅಂಚು ಒಳಗೆ ಮಡಚಿ, ಸೂಜಿ ದಾರ ಹಿಡಿದು ಸಾಲು ಸಾಲಾಗಿ ಹೊಲಿದುಕೊಂಡು ಹೋಗುವುದು. ಅಳತೆ ಬೇಕಿಲ್ಲ, ಮಿಷಿನ್ ಬೇಕಿಲ್ಲ, ತುಂಡು ಯಾವ ಆಕಾರ ಇದ್ದರೂ ಆಗುತ್ತದೆ. ನಮ್ಮಜ್ಜಿ ಹೊಲಿದ ಕೌದಿಯಲ್ಲಿ ಎರಡು ಚೌಕ ಒಂದೇ ಅಳತೆಯವು ಇಲ್ಲ. ಮೂವತ್ತು ವರ್ಷ ಹೊದ್ದಿದ್ದೇವೆ.

ಚೌಕಬಾರ
ಕೌದಿಪ್ರೀತಿ ಅಕ್ಕ, ಕೌದಿ ನನಗೂ ಇಷ್ಟ. ಆದರೆ ಅವರು ಕೇಳಿದ್ದು ಬ್ಲಾಕ್ ಯಾಕೆ ಸೊಟ್ಟ ಬಂತು ಅಂತ. ಕಾರಣ ಗೊತ್ತಿಲ್ಲದೆ ಬಿಟ್ಟುಬಿಟ್ಟರೆ ನನಗೆ ಕೈ ಇಲ್ಲ ಅಂತ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ದಾರದುಂಡೆ ಮೇಡಂ ಆ ಭಾರ ಇಳಿಸಿದ್ದಾರೆ.

ಕೌದಿಪ್ರೀತಿ
ಅದು ಒಪ್ಪಿದೆ. ಆದರೂ ಮೊದಲ ಸಲಕ್ಕೆ ಕೈಹೊಲಿಗೆಯೇ ಒಳ್ಳೆಯದು ಅಂತ ನನ್ನ ಮಾತು. ಮಿಷಿನ್ ತಪ್ಪಿದರೆ ಒಂದು ಗಜ ತಪ್ಪಿರುತ್ತದೆ. ಕೈ ತಪ್ಪಿದರೆ ನಾಲ್ಕು ಹೊಲಿಗೆ ಬಿಚ್ಚಿದರೆ ಆಯಿತು.

ನೀಲಿದಾರ
ಕೌದಿಗೆ ಅಳತೆ ಬೇಕಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಣ್ಣಳತೆ ಇರುತ್ತದೆ, ಬಹಳ ಗಟ್ಟಿಯಾಗಿ ಇರುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ನೋಡಿ. ಅಂಚಿನಿಂದ ಶುರು ಮಾಡಿ, ತುಂಡಿನ ಪಕ್ಕ ತುಂಡು ಇಡುತ್ತಾ, ಸುತ್ತು ಹೊಡೆಯುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಪುಟ್ಟ ತ್ರಿಕೋನ ತುಂಡುಗಳು, ಅವನ್ನು ಹೂವು ಅನ್ನುತ್ತಾರೆ. ಮೊದಲೇ ಗೆರೆ ಎಳೆದಿರುವುದಿಲ್ಲ, ಆದರೆ ಎಲ್ಲಿ ಯಾವ ಬಣ್ಣ ಬೇಕು ಅನ್ನುವುದು ಕೈಗೆ ಗೊತ್ತಿರುತ್ತದೆ. ಅದು ವರ್ಷಗಟ್ಟಲೆ ಹೊಲಿದು ಬಂದದ್ದು. ಸುಮ್ನೆ ಸಿಕ್ಕಿದ ಹಾಗೆ ಇಟ್ಟದ್ದಲ್ಲ.

ತೇಪೆ
ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಊರಿದೆ. ಅಲ್ಲಿನ ಕಪ್ಪು ಹೆಂಗಸರೂ ಹೀಗೇ, ಹೊಲದ ಕೆಲಸದಲ್ಲಿ ಸವೆದ ಬಟ್ಟೆ, ಡೆನಿಮ್ ಪ್ಯಾಂಟಿನ ಮೊಣಕಾಲು, ಸಿಕ್ಕಿದ್ದನ್ನೆಲ್ಲ ಸೇರಿಸಿ ಕ್ವಿಲ್ಟ್ ಹೊಲಿದವರು. ಪಟ್ಟಿಗಳು ಬೇಕಂತಲೇ ಓರೆ. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. 2006ರಲ್ಲಿ ಅಲ್ಲಿನ ಅಂಚೆ ಚೀಟಿಯ ಮೇಲೂ ಬಂದವು. ಒಬ್ಬರೇ ಕೂತು ಸೊಟ್ಟ ಬಂತು ಅಂತ ಅಳುವವರು ಆ ಚಿತ್ರಗಳನ್ನು ಒಂದು ಸಲ ನೋಡಬೇಕು.

ಹೊಸಹೊಲಿಗೆ
ಎಷ್ಟು ಬೇಗ ಇಷ್ಟೊಂದು ಉತ್ತರ! ದಾರದುಂಡೆ ಅವರು ಹೇಳಿದ ಮೂರು ಪಟ್ಟಿ ಪರೀಕ್ಷೆ ಈಗಲೇ ಮಾಡಿದೆ. ನಡುವಿನ ಪಟ್ಟಿ ಮುಕ್ಕಾಲು ಇಂಚು ಬಂತು.

ದಾರದುಂಡೆ
ನೋಡಿ, ಒಂದೂವರೆಯಲ್ಲಿ ಎರಡು ಕಡೆ 3/8 ಹೋದರೆ ಉಳಿಯುವುದು ಮುಕ್ಕಾಲೇ. ಟೇಪ್ ಅಂಟಿಸಿ, ಮತ್ತೆ ಮಾಡಿ.

ಬಾಬಿನ್
ಹೊಲಿಗೆ ಉದ್ದ 2ರಿಂದ 2.5 ಮಿಲಿಮೀಟರ್ ಇಟ್ಟುಕೊಳ್ಳಿ. 80/12 ಅಳತೆಯ ಸೂಜಿ ಹಾಕಿ. ಹಳೆ ಸೂಜಿ ಇದ್ದರೆ ಎಸೆಯಿರಿ. ಎಂಟು ಗಂಟೆ ಹೊಲಿದ ಸೂಜಿಯ ಮೊನೆ ಮೊಂಡಾಗಿರುತ್ತದೆ, ತೆಳು ಬಟ್ಟೆಯಲ್ಲಿ ದಾರ ಎಳೆದುಬಿಡುತ್ತದೆ.

ಹೊಸಕಟರ್
ರೋಟರಿ ಕಟರ್ (ಉರುಳುವ ಗುಂಡು ಬ್ಲೇಡಿನ ಕಟರ್), ಅದರಡಿ ಹಾಸುವ ಮ್ಯಾಟ್, ಪಾರದರ್ಶಕ ಸ್ಕೇಲು ಇಲ್ಲದೆ ಇದನ್ನೆಲ್ಲ ಮಾಡಲು ಹೋಗಬೇಡಿ. ಕತ್ತರಿಯಲ್ಲಿ ಚೌಕ ಸರಿಯಾಗಿ ಬರುವುದೇ ಇಲ್ಲ.

ನಿಧಾನಹೊಲಿಗೆ
ಬರುತ್ತದೆ. ರೋಟರಿ ಕಟರ್ ಬಂದದ್ದೇ 1979ರಲ್ಲಿ, ಜಪಾನಿನ ಓಲ್ಫಾ ಕಂಪನಿ ಮಾಡಿದ್ದು. ಅದಕ್ಕೆ ಮುಂಚೆ ಲೋಕದಲ್ಲಿ ಹೊಲಿದ ಎಲ್ಲ ಕ್ವಿಲ್ಟೂ ಕತ್ತರಿಯದೇ. ದಪ್ಪ ರಟ್ಟಿನಲ್ಲಿ 3.5 ಇಂಚಿನ ಚೌಕ ಕತ್ತರಿಸಿ, ಬಟ್ಟೆಯ ಹಿಂಬದಿ ಇಟ್ಟು ಪೆನ್ಸಿಲ್ ಎಳೆದು, ಗೆರೆಯ ಮೇಲೆ ಕತ್ತರಿ ಹಾಕಿದರೆ ಆಯಿತು. ರಟ್ಟಿನ ಮೂಲೆ ಸವೆಯುತ್ತದೆ, ಇಪ್ಪತ್ತು ಚೌಕಕ್ಕೆ ಒಮ್ಮೆ ಹೊಸ ರಟ್ಟು ಮಾಡಿಕೊಳ್ಳಿ. ನಾನು ಮೊದಲ ಎರಡು ಕ್ವಿಲ್ಟ್ ಹಾಗೇ ಮಾಡಿದ್ದು.

ಹೊಸಕಟರ್
ಒಂದು ಮಗುವಿನ ಹೊದಿಕೆಗೇ ಎಷ್ಟು ಚೌಕ ಬೇಕು ಲೆಕ್ಕ ಹಾಕಿ. ಜೋಡಿಸಿ ಹೊಲಿದ ಮೇಲೆ 9 ಇಂಚು ಉಳಿಯುವ ಬ್ಲಾಕ್ ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 36 ಇಂಚು. ಹದಿನಾರು ಬ್ಲಾಕಿಗೆ ಒಂಬತ್ತರಂತೆ 144 ಚೌಕ. 144 ಸಲ ಪೆನ್ಸಿಲ್ ಎಳೆಯುವುದಾ? ಕಟರಿನಲ್ಲಾದರೆ 42 ಇಂಚು ಅಗಲದ ಬಟ್ಟೆಯಲ್ಲಿ ಒಂದು ಪಟ್ಟಿಗೆ 12 ಚೌಕ, ಹನ್ನೆರಡು ಪಟ್ಟಿ. ಒಂದು ಮಧ್ಯಾಹ್ನದ ಕೆಲಸ.

ನಿಧಾನಹೊಲಿಗೆ
ಲೆಕ್ಕ ಸರಿ ಇದೆ. ಕಟರ್ ಬೇಡ ಅನ್ನುತ್ತಿಲ್ಲ. ಅದಿಲ್ಲದೆ ಶುರುವೇ ಮಾಡಬೇಡಿ ಅಂದದ್ದು ತಪ್ಪು ಅಂದೆ. ಎಷ್ಟೋ ಜನ ಸಾಮಾನು ಸೇರಿಸುವುದರಲ್ಲೇ ನಿಂತುಬಿಡುತ್ತಾರೆ.

ಚೌಕಬಾರ
ಕಟರ್ ತಗೊಳ್ಳುವವರಿಗೆ ಒಂದು ಮಾತು. ಪ್ರತಿ ಸಲ ಕೆಳಗೆ ಇಡುವಾಗ ಬ್ಲೇಡ್ ಮುಚ್ಚಿ. ಪ್ರತಿ ಸಲ. ನನ್ನ ಎಡಗೈ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದದ್ದು ಕತ್ತರಿಸುವಾಗ ಅಲ್ಲ, ಮಡಚಿದ ಬಟ್ಟೆಯಡಿ ತೆರೆದೇ ಬಿಟ್ಟ ಕಟರ್ ಹುಡುಕುವಾಗ. ಬ್ಲೇಡನ್ನು ಯಾವಾಗಲೂ ಮೈಯಿಂದ ಆಚೆಗೆ ತಳ್ಳಿ, ಮೈಯತ್ತ ಎಳೆಯಬೇಡಿ. ಮ್ಯಾಟನ್ನು ಬಿಸಿಲಲ್ಲಿ ಬಿಡಬೇಡಿ, ಅದರ ಮೇಲೆ ಇಸ್ತ್ರಿಯೂ ಬೇಡ, ಬಾಗಿಬಿಡುತ್ತದೆ.

ಅಂಚುಪಟ್ಟಿ
ಬಟ್ಟೆ ಮೊದಲು ಒಗೆಯಬೇಕಾ ಬೇಡವಾ ಅಂತ ಯಾರೂ ಹೇಳಲಿಲ್ಲ?

ಇಸ್ತ್ರಿಪೆಟ್ಟಿಗೆ
ಹೊಸ ಬಟ್ಟೆಯಾದರೆ ಒಗೆಯಿರಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗಬಹುದು. ಒಂದು ಬಟ್ಟೆ ಕುಗ್ಗಿ ಪಕ್ಕದ್ದು ಕುಗ್ಗದಿದ್ದರೆ ಚೌಕ ಸುಕ್ಕುಗಟ್ಟುತ್ತದೆ.

ತೇಪೆ
ಆ ಸುಕ್ಕು ಬೇಕು ಅಂತಲೇ ಒಗೆಯದೆ ಹೊಲಿಯುವವರೂ ಇದ್ದಾರೆ. ಹೊಲಿದಾದ ಮೇಲೆ ಒಗೆದರೆ ಇಡೀ ಕ್ವಿಲ್ಟ್ ಸ್ವಲ್ಪ ಮುದುಡಿ ಹಳೆಯ ಹೊದಿಕೆಯ ಹಾಗೆ ಮೆತ್ತಗಾಗುತ್ತದೆ. ನನಗೆ ಅದೇ ಇಷ್ಟ.

ಅಂಚುಪಟ್ಟಿ
ಆದರೆ ಬಣ್ಣ? ನನ್ನ ಮೊದಲ ಕ್ವಿಲ್ಟ್ ಬಿಳಿ ಮತ್ತು ಕಡುಗೆಂಪು. ನಾಲ್ಕು ತಿಂಗಳು ಹೊಲಿದಿದ್ದೆ. ಮೊದಲ ಒಗೆತಕ್ಕೇ ಬಿಳಿ ಚೌಕವೆಲ್ಲ ಗುಲಾಬಿ ಆಯಿತು. ಬಕೆಟ್ಟಿನ ನೀರು ನೋಡಿ ಅಲ್ಲೇ ಕೂತುಬಿಟ್ಟೆ. ಕೆಂಪು, ನೀಲಿ, ಕಪ್ಪು ಇದ್ದರೆ ದಯವಿಟ್ಟು ಪರೀಕ್ಷೆ ಮಾಡಿ. ಒಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಬಿಳಿ ಬಿಳಿಯಾಗಿಯೇ ಇದ್ದರೆ ಮಾತ್ರ ಮುಂದಿನ ಕೆಲಸ.

ಹೊಲಿಗೆಪೆಟ್ಟಿಗೆ
ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ.

ನೀಲಿದಾರ
ನಿಲ್ಲುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪು ನೆರವಾಗುತ್ತದೆ, ಬಣ್ಣ ನೂಲಿಗೆ ಹತ್ತಲು. ಆಗಲೇ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಸಡಿಲವಾಗಿ ಉಳಿದದ್ದನ್ನು ಉಪ್ಪು ಕಟ್ಟಿಹಾಕುವುದಿಲ್ಲ. ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಒಗೆಯುವುದೊಂದೇ ದಾರಿ. ಆಗಲೂ ಬಿಡುತ್ತಿದ್ದರೆ ಆ ಬಟ್ಟೆ ಕ್ವಿಲ್ಟಿಗೆ ಬೇಡ.

ಹೊಲಿಗೆಪೆಟ್ಟಿಗೆ
ನಮ್ಮ ಮನೆಯಲ್ಲಿ ಎಲ್ಲರೂ ಉಪ್ಪೇ ಹಾಕುವುದು. ಇಷ್ಟು ದಿನ ಒಗೆದದ್ದರಿಂದ ನಿಂತಿತ್ತೋ ಏನೋ. ಮುಂದಿನ ಸಲ ಉಪ್ಪಿಲ್ಲದೆ ನೋಡುತ್ತೇನೆ.

ಹೊಸಹೊಲಿಗೆ
ಅಮ್ಮನ ಸೀರೆ ಎಷ್ಟೋ ಸಲ ಒಗೆದವು, ಬಣ್ಣದ ಭಯ ಇಲ್ಲ ಅನ್ನಿಸುತ್ತದೆ. ಆದರೆ ಬಹಳ ತೆಳುವಾಗಿವೆ. ಎರಡು ಮೂರು ಸೀರೆ ಕೈಯಲ್ಲಿ ಹಿಡಿದರೆ ಆಚೆ ಕಡೆ ಬೆರಳು ಕಾಣುತ್ತದೆ.

ನಿಧಾನಹೊಲಿಗೆ
ಹಳೆ ಸೀರೆಗಳ ಜೊತೆ ನಾನು ಬಹಳ ದಿನ ಕೆಲಸ ಮಾಡಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಒಂದೊಂದೇ ಸೀರೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದೇ ಸೀರೆಯಲ್ಲಿ ಎಲ್ಲ ಕಡೆ ಒಂದೇ ಗಟ್ಟಿ ಇರುವುದಿಲ್ಲ. ಕೆಳಗಿನ ಅಂಚು ಹಿಮ್ಮಡಿಗೆ ಉಜ್ಜಿ ಸವೆದಿರುತ್ತದೆ. ಭುಜದ ಮೇಲೆ ಪಿನ್ನು ಚುಚ್ಚಿದ ಜಾಗ ತೂತು ಬಿದ್ದಿರುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರೆ ಮಡಿಕೆಯ ಗೆರೆಯೇ ಹರಿಯುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಳಗಿನ ತುದಿ ಮಾತ್ರ ಸಾಮಾನ್ಯವಾಗಿ ಗಟ್ಟಿ ಉಳಿದಿರುತ್ತದೆ, ಬಿಸಿಲು ಕಾಣದ ಕಾರಣ ಬಣ್ಣವೂ ಹಾಗೇ ಇರುತ್ತದೆ. ಫಾಲ್ಸ್ ಬಿಚ್ಚಿ ನೋಡಿ, ಅದರಡಿ ಬಟ್ಟೆಯ ಒಳಮೈ ಹೊಸದರ ಹಾಗೆ ಇರುತ್ತದೆ. ನಿಮ್ಮ ಮೊದಲ ಕತ್ತರಿ ಅಲ್ಲಿ ಬೀಳಲಿ.

ಬಟ್ಟೆಯನ್ನು ಹಾಸಿನ ಉದ್ದಕ್ಕೆ ಒಮ್ಮೆ, ಹೊಕ್ಕಿನ ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಎಳೆಯಿರಿ. ಚರ್ ಅಂತ ಸಣ್ಣ ಸದ್ದು ಬಂದರೆ ಆ ಭಾಗದಲ್ಲಿ ಹೊಲಿಗೆ ನಿಲ್ಲುವುದಿಲ್ಲ. ಅದನ್ನು ಎಸೆಯಬೇಡಿ, ನಡುವಿನ ಪದರಕ್ಕೆ ಆಗುತ್ತದೆ. ಓರೆಗೆ ಎಳೆದರೆ ಎಂಥ ಬಟ್ಟೆಯೂ ಹಿಗ್ಗುತ್ತದೆ, ಹಾಗಾಗಿ ಓರೆಯಾಗಿ ಕತ್ತರಿಸಬೇಡಿ.

ಕತ್ತರಿಸುವ ಮುಂಚೆ ಗಂಜಿ ಹಾಕಿ ಇಸ್ತ್ರಿ ಮಾಡಿ. ತೆಳು ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ, ಚೌಕ ಜಾರುವುದಿಲ್ಲ. ಆದರೆ ಗಂಜಿ ಹಾಕಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ, ಹುಳ ಬರುತ್ತದೆ. ಆ ವಾರ ಹೊಲಿಯುವಷ್ಟಕ್ಕೆ ಮಾತ್ರ ಹಾಕಿ. ಬೆರಳು ಕಾಣುವಷ್ಟು ತೆಳು ಇರುವ ಸೀರೆಗೆ ಹಿಂಬದಿ ತೆಳುವಾದ ಹತ್ತಿಯ ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಬಟ್ಟೆ) ಅಂಟಿಸಿ, ಆಮೇಲೆ ಕತ್ತರಿಸಿ.

ಇನ್ನೊಂದು. ಹದಿನಾಲ್ಕನ್ನೂ ತುಂಡು ಮಾಡಬೇಕಾಗಿಲ್ಲ. ಒಂದು ಹೊದಿಕೆಯ ಮೇಲ್ಪದರಕ್ಕೆ ಎಲ್ಲದರಿಂದ ಸ್ವಲ್ಪ ಸ್ವಲ್ಪ ತೆಗೆದರೆ ಸಾಕು. ಯಾವುದು ಅವರು ಜಾಸ್ತಿ ಉಡುತ್ತಿದ್ದರೋ ಅದನ್ನು ಕತ್ತರಿಸದೆ ಇಡಿಯಾಗಿ ಅಡಿ ಪದರ ಮಾಡಿ. ಹೊದ್ದಾಗ ಮೈಗೆ ತಾಗುವುದು ಅದೇ.

ಕೌದಿಪ್ರೀತಿ
ನಿಧಾನಹೊಲಿಗೆ ಅವರೇ, ಕೊನೆಯ ಮಾತು ಓದಿ ಕಣ್ಣು ತುಂಬಿತು. ನಮ್ಮಜ್ಜಿಯೂ ಅಡಿಗೆ ಇಡೀ ಸೀರೆಯನ್ನೇ ಹಾಕುತ್ತಿದ್ದರು. ಸೆರಗು ಒಂದು ಮೂಲೆಯಲ್ಲಿ ಕಾಣುತ್ತಿತ್ತು. ನಾವು ಮಕ್ಕಳು ಸೆರಗಿನ ಕಡೆ ಯಾರು ಮಲಗುವುದು ಅಂತ ಜಗಳ ಆಡುತ್ತಿದ್ದೆವು.

ತೇಪೆ
ಹೋದವರ ನೆನಪಿಗೆ ಹೊಲಿಯುವುದು ಅಂದಾಗ ನನಗೆ ಏಡ್ಸ್ ಮೆಮೋರಿಯಲ್ ಕ್ವಿಲ್ಟ್ ನೆನಪಾಗುತ್ತದೆ. 1987ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ತೀರಿಹೋದ ಒಬ್ಬೊಬ್ಬರಿಗೆ ಒಂದೊಂದು ಫಲಕ, 3 ಅಡಿ ಅಗಲ 6 ಅಡಿ ಉದ್ದ. ಆ ವರ್ಷ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದಾಗ 1,920 ಫಲಕ ಇದ್ದವು. ಅಂಗಿ, ಜೀನ್ಸ್, ಮಗುವಿನ ಗೊಂಬೆ ಎಲ್ಲ ಹೊಲಿದು ಸೇರಿಸಿದ್ದರು. ಹೊಲಿದವರಲ್ಲಿ ಎಷ್ಟೋ ಜನ ಅದಕ್ಕೂ ಮುಂಚೆ ಸೂಜಿ ಹಿಡಿದವರಲ್ಲ.

ಬಾಬಿನ್
ವಿಷಯ ದೂರ ಹೋಗುತ್ತಿದೆ, ಆದರೆ ಒಳ್ಳೆಯ ಕಡೆಗೇ ಹೋಗುತ್ತಿದೆ.

ಹೊಸಕಟರ್
ನಡುವಿನ ಪದರಕ್ಕೆ ಏನು ಹಾಕುವುದು ಅಂತ ಹೇಳಿ. ಬ್ಯಾಟಿಂಗ್ (ನಡುವೆ ಹಾಕುವ ಮೆತ್ತನೆಯ ಹಾಳೆ) ಹಾಕಿದರೆ ಮಾತ್ರ ಕ್ವಿಲ್ಟ್ ಅಂತ ನಾನು ಅಂದುಕೊಂಡಿದ್ದೆ.

ನೀಲಿದಾರ
ಹಾಗೇನಿಲ್ಲ. ಮೂರು ಪದರ ಸೇರಿಸಿ ಹೊಲಿದರೆ ಕ್ವಿಲ್ಟ್, ನಡುವೆ ಏನಿದೆ ಅನ್ನುವುದು ನಿಮ್ಮ ಇಷ್ಟ. ಬಂಗಾಳದ ಕಾಂಥಾದಲ್ಲಿ ಹಳೆ ಸೀರೆಗಳ ಪದರಗಳೇ ಎಲ್ಲ, ಬೇರೆ ಹತ್ತಿ ತುಂಬುವುದಿಲ್ಲ. ಹತ್ತಿ ಬ್ಯಾಟಿಂಗ್ ಹಾಕಿದರೆ ಚಪ್ಪಟೆ ಕೂರುತ್ತದೆ. ಪಾಲಿಯೆಸ್ಟರ್ ಹಗುರ, ಉಬ್ಬಿರುತ್ತದೆ, ಆದರೆ ತೆಳು ಸೀರೆಯ ಮೂಲಕ ಅದರ ಎಳೆ ಹೊರಗೆ ಇಣುಕುತ್ತದೆ. ಹಿಂಜಿದ ಹತ್ತಿ ತುಂಬಿದರೆ ಹತ್ತಿರ ಹತ್ತಿರ ಹೊಲಿಯಲೇಬೇಕು, ಇಲ್ಲದಿದ್ದರೆ ಒಗೆದಾಗ ಉಂಡೆಗಟ್ಟಿ ಮೂಲೆಗೆ ಸೇರುತ್ತದೆ. ಇವರ ಸೀರೆಗೆ ನಾನಾದರೆ ಸವೆದ ಸೀರೆಯ ಎರಡು ಮೂರು ಪದರವೇ ಹಾಕುತ್ತೇನೆ.

ಅಂಚುಪಟ್ಟಿ
ಪದರ ಸೇರಿಸುವಾಗ ಅವಸರ ಮಾಡಬೇಡಿ. ಅಡಿ ಪದರವನ್ನು ನೆಲದ ಮೇಲೆ ಎಳೆದು ಹಾಸಿ, ಮೂಲೆಗೆ ಟೇಪ್ ಹಾಕಿ. ಜಗ್ಗಿ ಎಳೆಯಬೇಡಿ, ಸುಕ್ಕು ಹೋಗುವಷ್ಟು ಸಾಕು. ಅಡಿ ಪದರ ಮೇಲ್ಪದರಕ್ಕಿಂತ ನಾಲ್ಕೂ ಕಡೆ ಎರಡರಿಂದ ನಾಲ್ಕು ಇಂಚು ದೊಡ್ಡದಿರಲಿ. ನಡುವಿನಿಂದ ಹೊರಗೆ ಕಚ್ಚಾ ಹೊಲಿಗೆ ಹಾಕುತ್ತಾ ಬನ್ನಿ, ಅಥವಾ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಚುಚ್ಚಿ. ಪಿನ್ ಚುಚ್ಚಿ ತಿಂಗಳು ಬಿಡಬೇಡಿ, ತುಕ್ಕಿನ ಕಲೆ ಒಗೆದರೂ ಹೋಗುವುದಿಲ್ಲ.

ಕನ್ನಡಕ
ಕೈಹೊಲಿಗೆಯಲ್ಲಿ ದಾರ ಗಂಟಾಗುತ್ತಲೇ ಇರುತ್ತದೆ ನನಗೆ. ಯಾಕೆ?

ಕೌದಿಪ್ರೀತಿ
ಒಂದು ಮೊಳಕ್ಕಿಂತ ಉದ್ದ ದಾರ ತಗೊಳ್ಳಬೇಡಿ. ಮೊಣಕೈಯಿಂದ ಬೆರಳ ತುದಿ, ಅಷ್ಟೇ. ಸೂಜಿ ಪೋಣಿಸುವ ಬೇಸರಕ್ಕೆ ಎಲ್ಲರೂ ಉದ್ದ ಎಳೆದುಕೊಳ್ಳುತ್ತಾರೆ, ಆಮೇಲೆ ಗಂಟು ಬಿಡಿಸುತ್ತಾ ಕೂರುತ್ತಾರೆ.

ಕನ್ನಡಕ
ಸೂಜಿ ಪೋಣಿಸುವುದೇ ನನ್ನ ಕಷ್ಟ. ಅರವತ್ತು ದಾಟಿದೆ.

ಕೌದಿಪ್ರೀತಿ
ಹಾಗಾದರೆ ಒಂದೇ ಸಲ ಹತ್ತು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳಿ ಅಮ್ಮಾ. ಬೆಳಕಿದ್ದಾಗ ಮೊಮ್ಮಕ್ಕಳ ಕೈಯಲ್ಲಿ ಮಾಡಿಸಿ. ಒಂದು ಸ್ಪಂಜಿಗೆ ಚುಚ್ಚಿಟ್ಟರೆ ದಾರ ಸಿಕ್ಕಾಗುವುದಿಲ್ಲ.

ನಿಧಾನಹೊಲಿಗೆ
ಕ್ವಿಲ್ಟ್ ಹೊಲಿಗೆಗೆ ಬಿಟ್ವೀನ್ಸ್ ಅಂತ ಗಿಡ್ಡ ಸೂಜಿ ಬರುತ್ತವೆ. ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣ. ಮೊದಲಿಗೆ 8 ಅಥವಾ 9 ತಗೊಳ್ಳಿ. ನಡುಬೆರಳಿಗೆ ಥಿಂಬಲ್ (ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೋಪಿ) ಹಾಕಿ ಹೊಲಿಯಿರಿ, ಎರಡು ದಿನ ಅಡ್ಡಿ ಅನ್ನಿಸುತ್ತದೆ, ಮೂರನೇ ದಿನ ಅದಿಲ್ಲದೆ ಆಗುವುದಿಲ್ಲ. ಹೊಲಿಗೆ ಸಣ್ಣ ಆಗಬೇಕು ಅಂತ ಹಟ ಬೇಡ. ಒಂದೇ ಸಮ ಇರಲಿ, ಸಣ್ಣದು ಆಮೇಲೆ ಬರುತ್ತದೆ.

ಚೌಕಬಾರ
ಬಣ್ಣದ ಬಗ್ಗೆ ಒಂದು ಹೇಳಿ ನಿಲ್ಲಿಸುತ್ತೇನೆ. ಸೀರೆಗಳ ಬಣ್ಣ ಬೇರೆ ಬೇರೆ ಇದ್ದರೆ ಜೋಡಿಸುವಾಗ ಗಲಿಬಿಲಿ ಆಗುತ್ತದೆ. ಯಾವುದು ತಿಳಿ, ಯಾವುದು ಗಾಢ ಅನ್ನುವುದೇ ಮುಖ್ಯ. ಚೌಕಗಳನ್ನು ನೆಲದ ಮೇಲೆ ಹರಡಿ ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಬಣ್ಣ ಹೋದ ಮೇಲೂ ವಿನ್ಯಾಸ ಕಂಡರೆ ಜೋಡಣೆ ಸರಿ. ಎಲ್ಲ ಒಂದೇ ಬೂದು ಕಂಡರೆ ಎರಡು ಮೂರು ತಿಳಿ ಚೌಕ ನಡುವೆ ತನ್ನಿ. ನನ್ನ ಹಸಿರು ಮತ್ತು ಕೆಂಪಿನ ಕ್ವಿಲ್ಟ್ ಬಟ್ಟೆ ರಾಶಿಯಲ್ಲಿ ಎಷ್ಟು ಚೆಂದ ಇತ್ತು, ಹೊಲಿದ ಮೇಲೆ ವಿನ್ಯಾಸವೇ ಕಾಣಲಿಲ್ಲ. ಎರಡೂ ಒಂದೇ ಗಾಢ ಇದ್ದವು.

ಹೊಸಹೊಲಿಗೆ
*(ಹದಿನೈದು ದಿನದ ನಂತರ)*
ಎಲ್ಲರಿಗೂ ಮತ್ತೆ ನಮಸ್ಕಾರ. ಟೇಪ್ ಅಂಟಿಸಿ ಮೂರು ಪಟ್ಟಿ ಮತ್ತೆ ಹೊಲಿದೆ, ನಡುವಿನದು ಸರಿಯಾಗಿ 1 ಇಂಚು. ಆಮೇಲೆ ಆರು ಬ್ಲಾಕ್ ಮಾಡಿದೆ. ಐದು 9.5, ಒಂದು ಕೂದಲೆಳೆಯಷ್ಟು ಕಡಿಮೆ. ಸಾಲುಗಳನ್ನು ಎಡ ಬಲ ಒತ್ತಿ ಜೋಡಿಸಿದಾಗ ಅಂಚುಗಳು ಕಚ್ಚಿಕೊಂಡದ್ದು ಬೆರಳಿಗೇ ತಿಳಿಯಿತು. ಅಷ್ಟು ಸಂತೋಷ ಆಯಿತು, ಅಡುಗೆ ಮನೆಯಲ್ಲಿದ್ದವರನ್ನೆಲ್ಲ ಕರೆದು ಮುಟ್ಟಿಸಿದೆ.

ನಿನ್ನೆ ಭಾನುವಾರ ಕಿಟಕಿ ಪಕ್ಕ ಕೂತು ಹದಿನಾಲ್ಕು ಸೀರೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ನಿಧಾನಹೊಲಿಗೆ ಅವರು ಹೇಳಿದ ಹಾಗೇ ಇತ್ತು. ಕಡುನೀಲಿ ಸೀರೆಯ ಫಾಲ್ಸ್ ಬಿಚ್ಚಿದರೆ ಅಡಿಯಲ್ಲಿ ಬೇರೆಯೇ ನೀಲಿ. ಅಮ್ಮ ಅದನ್ನು ಮೊದಲು ಉಟ್ಟ ದಿನ ಹೀಗಿತ್ತೇನೋ. ನನಗೆ ಗೊತ್ತಿದ್ದದ್ದು ಮಾಸಿದ ನೀಲಿ ಮಾತ್ರ. ಹಸಿರು ಸೀರೆ ಕತ್ತರಿಸುವುದಿಲ್ಲ, ಅದು ಅಡಿ ಪದರ ಅಂತ ತೀರ್ಮಾನ ಮಾಡಿದೆ.

ಒಂದು ಪ್ರಶ್ನೆ ಉಳಿದಿದೆ. ಬೂದು ಸೀರೆಯಲ್ಲಿ ಒಂದು ಕಡೆ ಅಮ್ಮ ರಫು ಮಾಡಿದ್ದಾಳೆ. ಮೂರು ಬೆರಳಿನಷ್ಟು ಜಾಗ. ಬಣ್ಣದ ದಾರ ಸಿಗದೆ ಬಿಳಿ ದಾರದಲ್ಲೇ ಹೆಣೆದಿದ್ದಾಳೆ, ಬಹಳ ಸಣ್ಣ ಹೊಲಿಗೆ. ಸುತ್ತಲ ಬಟ್ಟೆ ತೆಳುವಾಗಿದೆ, ರಫು ಮಾತ್ರ ಗಟ್ಟಿ. ಅದನ್ನು ಬಿಡಲಾ, ಸೇರಿಸಲಾ?

ಕೌದಿಪ್ರೀತಿ
ಸೇರಿಸಿ! ಅದನ್ನು ಬಿಟ್ಟು ಬೇರೆ ಯಾವುದನ್ನು ಸೇರಿಸುತ್ತೀರಿ?

ಹೊಲಿಗೆಪೆಟ್ಟಿಗೆ
ಸೇರಿಸಿ. ನಡುವೆ ಬರಲಿ.

ನೀಲಿದಾರ
ಜಪಾನಿನಲ್ಲಿ ಬೋರೊ ಅಂತಾರೆ, ತೇಪೆಯ ಮೇಲೆ ತೇಪೆ ಹಾಕಿ ತಲೆಮಾರುಗಳ ಕಾಲ ಬಳಸಿದ ಬಟ್ಟೆ. ಅದರಲ್ಲಿ ನೋಡುವುದೇ ಆ ಕೈಯ ಗುರುತನ್ನು. ಖಂಡಿತ ಸೇರಿಸಿ.

ನಿಧಾನಹೊಲಿಗೆ
ಸೇರಿಸಿ, ಆದರೆ ಹೀಗೆ. ಮೊದಲು ಹಿಂಬದಿ ಫ್ಯೂಸಿಂಗ್ ಅಂಟಿಸಿ, ರಫುವಿನ ಸುತ್ತ ಎರಡು ಇಂಚಾದರೂ ಆಚೆ ತನಕ. ಬಟ್ಟೆ ಗಟ್ಟಿಯಾದ ಮೇಲೆ ಕತ್ತರಿಸಿ, ಅಂಚಿಗೆ ರಫು ತಾಗದಿರಲಿ. ಕೊನೆಗೆ ಪದರ ಸೇರಿಸಿ ಹೊಲಿಯುವಾಗ ರಫುವಿನ ಮೇಲೆ ಸೂಜಿ ಹಾಯಿಸಬೇಡಿ. ಕಾಲು ಇಂಚು ಬಿಟ್ಟು ಸುತ್ತಲೂ ಒಂದು ಸಾಲು ಹೊಲಿಯಿರಿ.

ಹೊಸಹೊಲಿಗೆ
ಸರಿ. ಈ ರಾತ್ರಿಯೇ ಅದನ್ನು ಕತ್ತರಿಸುತ್ತೇನೆ. ಅದೊಂದನ್ನು ಮಾತ್ರ ದೊಡ್ಡ ಚೌಕ ಮಾಡಿ ನಡುವೆ ಇಡಬೇಕು ಅಂತ ಇದೆ. ಉಳಿದ ಬ್ಲಾಕ್ ಹೊಲಿದ ಮೇಲೆ 9 ಇಂಚು ಆಗುತ್ತವಲ್ಲ, ಇದನ್ನು 9 ಕತ್ತರಿಸಲಾ?

ದಾರದುಂಡೆ
9.5 ಕತ್ತರಿಸಿ. ಹೊಲಿದ ಮೇಲೆ 9 ಉಳಿಯುತ್ತದೆ.